ಅಮ್ಮಾ, ಇನ್ನೊಂಚೂರು ಹಾಕು!

ಮಂಡ್ಯ ಕಡೆಯ ಆಸಾಮಿಯೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ವಿಮಾನ ಹತ್ತಿಸಿ, ನೈಜೀರಿಯಾ ದೇಶದ ಇಬಾದಾನ್ ಎಂಬ ಊರಿನಲ್ಲಿ ಇಳಿಸಿ, ಒಂದು ಮರದ ಬೆಂಚಿನ ಮೇಲೆ ಕೂರಿಸಿದರು ಅಂತಿಟ್ಟುಕೊಳ್ಳಿ. ಕೈ ತೊಳೆಸಿ ಮುಂದೆ ತಟ್ಟೆ ಇಟ್ಟರು. ಕೈ ಹಾಕಿದ. ಬಿಸಿ ಬಿಸಿ. ಮೆತ್ತಗಿದೆ, ಗುಂಡಗಿದೆ. ಒಂದು ತುತ್ತು ಮುರಿದ, ಸಾರಿನಲ್ಲಿ ಹೊರಳಿಸಿದ, ಗುಳುಂ ಮಾಡಿದ. ಅಗಿಯಲಿಲ್ಲ. ಅಗಿಯಬೇಡ ಅಂತ ಅವನಿಗೆ ಯಾರೂ ಹೇಳಲೂ ಇಲ್ಲ. ಪಕ್ಕದ ಬೆಂಚಿನವನೂ ಅಗಿಯದೆ ನುಂಗುತ್ತಿದ್ದ.

ಕಣ್ಣು ಬಿಚ್ಚಿದ ಮೇಲೆ ನೋಡಬೇಕು ಫಜೀತಿ! ಬಣ್ಣ ರಾಗಿ ಮುದ್ದೆಯದೇ, ಇನ್ನೂ ಒಂದು ಪಟ್ಟು ಕಪ್ಪು ಅನ್ನಿ. ಆದರೆ ರಾಗಿಯಲ್ಲ. ಸಾರು ಮೂರು ಬಣ್ಣ. ಒಂದು ಹಸಿರು, ಒಂದು ಹಳದಿ, ಒಂದು ಕೆಂಪು. ಎದುರಿಗೆ ಆಳೆತ್ತರದ ಹೆಂಗಸೊಬ್ಬಳು ಸೌಟು ಹಿಡಿದು ನಿಂತಿದ್ದಾಳೆ. ಸುತ್ತ ಕೂತವರೆಲ್ಲ ಕೂಗುತ್ತಿದ್ದಾರೆ: "ಅಮ್ಮಾ, ಹಾಕು!"

ಮುದ್ದೆಯ ಹೆಸರು ಅಮಲಾ. ಹೋಟೆಲಿನ ಹೆಸರು ಬುಕ. ಅಮಲಾ ಅಂದ ತಕ್ಷಣ ಅಮಲೇರುವ ಪದಾರ್ಥ ಅಂತ ಯಾರೂ ಕಿವಿ ನೆಟ್ಟಗೆ ಮಾಡಬೇಕಾಗಿಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಹೊಟ್ಟೆ ತುಂಬ ಅಮಲಾ ಹೊಡೆದವನು ಮೂರು ಗಂಟೆಗೆ ಕಚೇರಿಯ ಮೇಜಿನ ಮೇಲೆ ತೂಕಡಿಸುವುದು ಅಲ್ಲಿಯೂ ಉಂಟು. ಮುದ್ದೆ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಬುಕ ಅಂದರೆ ಯಾವ ಹೋಟ್ಲು?

ಆಫ್ರಿಕಾ ಖಂಡದ ಪಶ್ಚಿಮಕ್ಕೆ ನೈಜೀರಿಯಾ. ಅದರ ನೈಋತ್ಯ ಮೂಲೆ ಯೊರೂಬಾ ಜನರ ಸೀಮೆ. ಲಾಗೋಸ್, ಇಬಾದಾನ್, ಅಬೆಯೊಕುಟ, ಇಫೆ, ಒಯೊ ಇವೆಲ್ಲ ಅವರ ಊರುಗಳು. ಕೋಟಿಗಟ್ಟಲೆ ಜನ, ತಮ್ಮದೇ ಭಾಷೆ, ತಮ್ಮದೇ ರಾಜಮನೆತನಗಳು. 1986ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ವೋಲೆ ಸೋಯಿಂಕಾ ಇದೇ ಯೊರೂಬಾ ಮಣ್ಣಿನವರು. ಒಂದೇ ಮನೆಯಲ್ಲಿ ಅಣ್ಣ ಮಸೀದಿಗೆ, ತಮ್ಮ ಚರ್ಚಿಗೆ ಹೋಗುವುದು ಅಲ್ಲಿ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಇಬ್ಬರೂ ಮಧ್ಯಾಹ್ನ ಒಂದೇ ಬುಕದಲ್ಲಿ ಕೂತು ಉಣ್ಣುತ್ತಾರೆ.

'ಬುಕ' ಅನ್ನುವುದು ಉತ್ತರದ ಹೌಸಾ ಭಾಷೆಯಿಂದ ಬಂದ ಮಾತು. ಗುಡಿಸಲು ಅಂತ ಅರ್ಥ. ಮೊದಮೊದಲು ಗುಡಿಸಲೇ. ನಾಲ್ಕು ಗಳ, ಮೇಲೊಂದು ತಗಡು, ಒಳಗೆ ಸೌದೆ ಒಲೆ, ಎರಡು ಬೆಂಚು. ಈಗ ಗೋಡೆ ಬಂದಿವೆ, ಫ್ಯಾನು ಬಂದಿವೆ, ಪ್ಲಾಸ್ಟಿಕ್ ಕುರ್ಚಿ ಬಂದಿವೆ. ಇಬಾದಾನ್‌ನ ಮೊಕೊಲಾ, ಬೊಡಿಜಾ ಬಡಾವಣೆಗಳಲ್ಲಿ, ಲಾಗೋಸಿನ ಸುರುಲೆರೆ, ಯಾಬಾಗಳಲ್ಲಿ ಹೆಸರು ಮಾಡಿದ ದೊಡ್ಡ ಬುಕಗಳ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಆದರೂ ಹೆಸರು ಮಾತ್ರ ಅದೇ, ಗುಡಿಸಲು!

ಇದಕ್ಕೆ ಇನ್ನೊಂದು ಅಡ್ಡಹೆಸರಿದೆ: 'ಮಾಮಾ ಪುಟ್'. ನಮ್ಮ ಸೋದರಮಾವನಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಮಾಮಾ ಅಂದರೆ ಅಮ್ಮ. ಪುಟ್ ಅಂದರೆ ಹಾಕು, ಇಂಗ್ಲಿಷಿನ ಪುಟ್ಟೇ. ಬಡಿಸುವಾಕೆಯ ಮುಂದೆ ನಿಂತ ಗಿರಾಕಿ ತಟ್ಟೆ ಚಾಚಿ 'ಅಮ್ಮಾ ಹಾಕು, ಇನ್ನೂ ಒಂಚೂರು ಹಾಕು' ಎನ್ನುತ್ತಿದ್ದ. ಅದೇ ಹೋಟೆಲಿನ ಹೆಸರಾಯಿತು, ಹೋಟೆಲಿನ ಒಡತಿಯ ಹೆಸರೂ ಆಯಿತು. ಸೋಯಿಂಕಾ 1995ರ ಒಂದು ನಾಟಕದಲ್ಲಿ ಬೀದಿಯಲ್ಲಿ ಊಟ ಮಾರುವ ಹೆಂಗಸಿನ ಪಾತ್ರಕ್ಕೆ ಇದೇ ಹೆಸರಿಟ್ಟಿದ್ದಾರೆ.

ಯೊರೂಬಾದಲ್ಲಿ ಆಕೆಯನ್ನು 'ಇಯಾ' ಎನ್ನುತ್ತಾರೆ. ತಾಯಿ ಅಂತಲೇ ಅರ್ಥ. ದುಡ್ಡು ಕೊಟ್ಟು ಉಣ್ಣುವ ಕಡೆಯೂ ಬಡಿಸುವವಳು ತಾಯಿ! ನಮ್ಮಲ್ಲೂ ಹಾಗೇ ತಾನೆ? ಮುದ್ದೆ ಹೋಟೆಲಿನ ಒಡತಿಯನ್ನು ಯಾರಾದರೂ 'ಮೇಡಂ' ಅಂದದ್ದುಂಟೆ? 'ಅಕ್ಕಾ, ಸಾರು', 'ಅವ್ವಾ, ಇನ್ನೊಂದು ಮುದ್ದೆ'. ಅಷ್ಟೇ.

ಕರಿ ಮುದ್ದೆಯ ಕಥೆ

ಈ ಅಮಲಾ ಯಾವುದರಿಂದ? ಗೆಣಸಿನಿಂದ. ಸಿಹಿಗೆಣಸು ಅಲ್ಲ. ನಮ್ಮ ಮಲೆನಾಡಿನ ಕಡೆ ಬಳ್ಳಿಯಲ್ಲಿ ಬಿಡುವ ಹೆಗ್ಗೆಣಸು ಅಂತಾರಲ್ಲ, ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ರಾಶಿ ಹಾಕಿರುತ್ತಾರಲ್ಲ, ಆ ಕುಲದ್ದು. ತೊಡೆಯ ಗಾತ್ರದ ಗೆಡ್ಡೆ, ಮೇಲೆ ಮರದ ತೊಗಟೆಯಂಥ ಸಿಪ್ಪೆ, ಒಳಗೆ ಬಿಳಿ. ಜಗತ್ತಿನಲ್ಲಿ ಬೆಳೆಯುವ ಈ ಗೆಣಸಿನಲ್ಲಿ ಅರ್ಧಕ್ಕಿಂತ ಹೆಚ್ಚು ನೈಜೀರಿಯಾ ಒಂದರಲ್ಲೇ ಬೆಳೆಯುತ್ತದೆ.

ಗೆಣಸಿನ ಸಿಪ್ಪೆ ತೆಗೆದು, ಹೋಳು ಮಾಡಿ, ಬಿಸಿನೀರಿನಲ್ಲಿ ಅರೆಬರೆ ಬೇಯಿಸಿ, ರಾತ್ರಿಯಿಡೀ ಅದೇ ನೀರಲ್ಲಿ ಬಿಟ್ಟು, ಬಿಸಿಲಿಗೆ ಹರಡುತ್ತಾರೆ. ದಿನಗಟ್ಟಲೆ ಒಣಗಿದ ಮೇಲೆ ಹೋಳು ಕಲ್ಲಾಗುತ್ತದೆ, ಬಿಳಿ ಹೋಗಿ ಕಂದಾಗುತ್ತದೆ. ಅದನ್ನು ಗಿರಣಿಗೆ ಹಾಕಿದರೆ ಬರುವ ಹಿಟ್ಟೇ 'ಎಲುಬೊ'. ಎಲುಬು ಅಲ್ಲ ಮತ್ತೆ! ಒಯೊ ರಾಜ್ಯದ ಉತ್ತರ ಭಾಗದ ಹಳ್ಳಿಗಳಿಂದ ಇದು ಮೂಟೆ ಮೂಟೆಯಾಗಿ ಇಬಾದಾನ್ ಸಂತೆಗೆ ಇಳಿಯುತ್ತದೆ. ಬಿಸಿಲು ಸರಿಯಾಗಿ ಬೀಳದಿದ್ದರೆ ಹೋಳು ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹಪ್ಪಳ ಸಂಡಿಗೆ ಒಣಹಾಕಿದ ನಮ್ಮ ಹೆಂಗಸರಂತೆ ಅಲ್ಲಿನವರೂ ಮೋಡ ಕಂಡರೆ ಓಡುತ್ತಾರೆ.

ಮುಂದಿನ ಕೆಲಸ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡುವಂಥದ್ದಲ್ಲ. ಕೊತಕೊತ ಕುದಿಯುವ ಎಸರಿಗೆ ಹಿಟ್ಟು ಸುರಿ. ಉದ್ದನೆ ಮರದ ಕೋಲು ಹಿಡಿ. ಗಂಟಾಗದಂತೆ ತಿರುವು. ಚೂರು ಬಿಸಿನೀರು ಚಿಮುಕಿಸಿ ಮುಚ್ಚು. ಮತ್ತೆ ತಿರುವು. ನಮ್ಮದು ಮುದ್ದೆಕೋಲು, ಅವರದ್ದು 'ಒಮೊರೊಗುನ್'. ಗಂಟು ಬಿದ್ದರೆ ಅತ್ತೆಯ ಬಾಯಿಗೆ ಬೀಳುವುದು ಎರಡೂ ಕಡೆ ತಪ್ಪಿದ್ದಲ್ಲ! ಬುಕದಲ್ಲಿ ದೊಡ್ಡ ಹಂಡೆಯಲ್ಲಿ ತಿರುವಬೇಕು. ರಟ್ಟೆ ಇದ್ದವರಿಗಷ್ಟೇ ಆ ಕೆಲಸ.

ಯೊರೂಬಾದಲ್ಲಿ ಒಂದು ಹಳೇ ಗಾದೆಯುಂಟು. ಕುಟ್ಟಿದ ಗೆಣಸು ಊಟ, ಅಮಲಾ ಔಷಧಿ ಅಂತ ಅದರ ತಾತ್ಪರ್ಯ. ಕುಟ್ಟಿದ ಗೆಣಸಿಗೆ 'ಇಯಾನ್' ಅನ್ನುತ್ತಾರೆ. ಹಸಿ ಗೆಣಸನ್ನು ಬೇಯಿಸಿ, ಆಳುದ್ದದ ಒನಕೆಯಿಂದ ಒರಳಿನಲ್ಲಿ ಕುಟ್ಟಿ ಕುಟ್ಟಿ ಬೆಣ್ಣೆಯಂತೆ ಮಾಡುವುದು. ಅದು ಹಬ್ಬದ ಊಟ, ನೆಂಟರ ಊಟ. ಅಮಲಾ ದಿನದ ಊಟ. ಇದಲ್ಲದೆ ಮರಗೆಣಸಿನ ತರಿಯಿಂದ ಮಾಡುವ 'ಎಬಾ' ಇದೆ. ನಮ್ಮ ಉಪ್ಪಿಟ್ಟಿನ ರವೆಯನ್ನೇ ಮುದ್ದೆ ಮಾಡುವ 'ಸೆಮೊ' ಕೂಡ ಇದೆ. ಇವೆಲ್ಲಕ್ಕೂ ಸೇರಿ ಅಲ್ಲಿಯವರು ಇಂಗ್ಲಿಷಿನಲ್ಲಿ ಇಟ್ಟಿರುವ ಹೆಸರು 'ಸ್ವಾಲೊ', ಅಂದರೆ ನುಂಗುವುದು. ಎಷ್ಟು ಸತ್ಯವಾದ ಹೆಸರು ನೋಡಿ!

ಮೂರು ಬಣ್ಣದ ಸಾರು

ಹಸಿರು ಸಾರಿಗೆ 'ಎವೆಡು' ಅಂತ ಹೆಸರು. ಸೆಣಬಿನ ಜಾತಿಯ ಗಿಡದ ಎಳೇ ಸೊಪ್ಪು. ನಮ್ಮಲ್ಲಿ ಗೋಣಿಚೀಲ ಮಾಡುವ ಗಿಡದ ಸೊಪ್ಪನ್ನು ಅವರು ಸಾರು ಮಾಡುತ್ತಾರೆ. ಬೆಂಡೆ, ಬಸಳೆಯ ಹಾಗೆ ಲೋಳೆ. ಬೆಂದ ಸೊಪ್ಪನ್ನು ಪಾತ್ರೆಯಲ್ಲೇ ಒಂದು ಗಿಡ್ಡ ಪೊರಕೆಯಿಂದ ಬಡಿದು ಬಡಿದು ನುಣ್ಣಗೆ ಮಾಡುತ್ತಾರೆ. ಪೊರಕೆ ಅಂದ ಕೂಡಲೆ ಮೂಗು ಮುರಿಯಬೇಡಿ. 'ಇಜಾಬೆ' ಅಂತ ಅದರ ಹೆಸರು. ನೆಲ ಮುಟ್ಟಿದ್ದಲ್ಲ, ಅಡಿಗೆಗೇ ಮೀಸಲು. ನಮ್ಮ ಮಜ್ಜಿಗೆ ಕಡೆಗೋಲು ಇದ್ದ ಹಾಗೆ.

ಹಳದಿ ಸಾರು 'ಬೆಗಿರಿ' (ಅವರ ಉಚ್ಚಾರಣೆಯಲ್ಲಿ ಗ್ಬೆಗಿರಿ). ಇದರಲ್ಲಿ ಇರುವುದು ಅಲಸಂದೆ. ಹೌದು ಸ್ವಾಮಿ, ನಮ್ಮ ಅಲಸಂದೆಯೇ. ನೆನೆಸಿ, ಸಿಪ್ಪೆ ತೆಗೆದು, ಕರಗುವಷ್ಟು ಬೇಯಿಸಿ, ಮೆಣಸಿನಕಾಯಿ ಮತ್ತು ಕೆಂಪು ತಾಳೆಎಣ್ಣೆ ಹಾಕಿ ಕುದಿಸುತ್ತಾರೆ.

ಕೆಂಪು ಸಾರು 'ಒಬೆ ಅಟಾ', ಅಂದರೆ ಮೆಣಸಿನಕಾಯಿ ಸಾರು. ಬ್ಯಾಡಗಿಯ ಬಣ್ಣ, ಗುಂಟೂರಿನ ಖಾರ. ಅಲ್ಲಿನ ಗುಂಡು ಮೆಣಸಿನಕಾಯಿ ನೋಡಲು ಪುಟ್ಟ ಲಾಟೀನಿನಂತೆ. ತಿಂದರೆ ಬೆಂಕಿ!

ಮೂರನ್ನೂ ಒಂದೇ ಬಟ್ಟಲಿಗೆ ಹೊಯ್ದರೆ ಅದು 'ಅಬುಲಾ'. ಇದರ ಹಿಂದೆ 'ಇರು' ಎಂಬ ಒಂದು ವಾಸನೆಯ ವಸ್ತು ಇದೆ. ಮರದ ಬೀಜವನ್ನು ಬೇಯಿಸಿ ಹುದುಗು ಬರಿಸಿದ್ದು. ಬೆಂಗಳೂರಿನ ಹಳೇ ರಸ್ತೆಗಳಲ್ಲಿ ಬ್ಯಾಡ್ಮಿಂಟನ್ ಚೆಂಡಿನಂಥ ಹೂ ಬಿಡುವ ಮರವಿದೆಯಲ್ಲ, ಅದರ ದಾಯಾದಿ ಮರ. ವಾಸನೆ ಹೊಸಬರ ಮೂಗಿಗೆ ಹೊಡೆಯುತ್ತದೆ. ಒಣಮೀನಿನ ವಾಸನೆಗೆ ಘಟ್ಟದ ಮೇಲಿನವರು ಮುಖ ತಿರುಗಿಸುವುದಿಲ್ಲವೆ, ಹಾಗೆ. ಅಭ್ಯಾಸವಾದವರಿಗೆ ಅದಿಲ್ಲದೆ ಸಾರು ಸಾರೇ ಅಲ್ಲ.

ಇಲ್ಲಿ ಒಂದು ಮಾತು. ಅಲಸಂದೆಯ ತೌರು ಆಫ್ರಿಕಾ. ನಾವು ನಮ್ಮದೇ ಅಂದುಕೊಂಡಿರುವ ರಾಗಿಯ ತೌರು ಕೂಡ ಆಫ್ರಿಕಾದ ಪೂರ್ವದ ಎತ್ತರದ ಸೀಮೆ. ಜೋಳವೂ ಅಲ್ಲಿಂದ ಬಂದದ್ದೇ. ಸಾವಿರಾರು ವರ್ಷಗಳ ಹಿಂದೆ ಯಾರ ಮಡಿಲಲ್ಲೋ ಸಮುದ್ರ ದಾಟಿದ ಬೀಜ. ಮೆಣಸಿನಕಾಯಿ, ಮರಗೆಣಸು ಮಾತ್ರ ಅಮೆರಿಕದ್ದು. ಪೋರ್ಚುಗೀಸರ ಹಡಗಿನಲ್ಲಿ ಅವರ ಕರಾವಳಿಗೂ ಬಂತು, ನಮ್ಮ ಕರಾವಳಿಗೂ ಬಂತು. ಅಲಸಂದೆಯ ಸುಮಾರು 15 ಸಾವಿರ ತಳಿಗಳ ಬೀಜವನ್ನು ಕಾಪಿಟ್ಟಿರುವ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇರುವುದೂ ಇದೇ ಇಬಾದಾನ್‌ನಲ್ಲಿ. 1967ರಲ್ಲಿ ಶುರುವಾದದ್ದು. ಮಂಡ್ಯದ ಆಸಾಮಿ ಅಲ್ಲಿ ಕೂತು ಗುಳುಂ ಮಾಡಿದ್ದು ಸುಮ್ಮನೆ ಅಲ್ಲ ಎನ್ನಿ. ನೆಂಟಸ್ತಿಕೆ ಹಳೆಯದು.

ಜೇಬು ನೋಡಿ ತಟ್ಟೆ

ಬುಕದಲ್ಲಿ 'ಫುಲ್ ಮೀಲ್ಸ್' ಎಂಬ ಪದ್ಧತಿ ಇಲ್ಲ. ಸಾಲಿನಲ್ಲಿ ನಿಂತು ಬಿಡಿಬಿಡಿಯಾಗಿ ಹೇಳಬೇಕು. ಅಮಲಾ ಎಷ್ಟು? ಒಂದೋ, ಎರಡೋ, ಮೂರೋ? ಸಾರು ಯಾವುದು? ಮಾಂಸ ಯಾವುದು, ಎಷ್ಟು ತುಂಡು? ಬಡಿಸುವಾಕೆ ಹೇಳಿದ್ದನ್ನೆಲ್ಲ ಹಾಕುತ್ತ ಬಾಯಲ್ಲೇ ಲೆಕ್ಕ ಕಟ್ಟುತ್ತಾಳೆ. ಬಿಲ್ಲೂ ಇಲ್ಲ, ಚೀಟಿಯೂ ಇಲ್ಲ.

ಮಾಂಸದ ಪಟ್ಟಿ ಉದ್ದ. ಮೇಕೆ ಮಾಂಸ 'ಒಗುಫೆ', ದುಡ್ಡಿದ್ದವರಿಗೆ. ದನದ ಮಾಂಸ ಸಾಮಾನ್ಯದವರಿಗೆ. 'ಶಾಕಿ' ಅಂದರೆ ನಮ್ಮ ಬೋಟಿ. 'ಬೊಕೊಟೊ' ಅಂದರೆ ಕಾಲು. ಕೊನೆಗೆ 'ಪೊನ್ಮೊ'. ಅದು ದನದ ಚರ್ಮ! ಕೂದಲು ಸುಟ್ಟು, ಕೆರೆದು, ಗಂಟೆಗಟ್ಟಲೆ ಬೇಯಿಸಿದ್ದು. ಬಾಯಲ್ಲಿ ರಬ್ಬರಿನಂತೆ ಎಳೆಯುತ್ತದೆ, ಸಾರನ್ನು ಹೀರಿಕೊಂಡು ರುಚಿಯಾಗುತ್ತದೆ. ಮಾಂಸ ಕೊಳ್ಳಲಾಗದವನ ಮಾಂಸ ಅದು. ಈಗ ಮಾಂಸ ಕೊಳ್ಳಬಲ್ಲವರೂ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ ಅನ್ನುವುದು ಬೇರೆ ಮಾತು.

ಈ ಪೊನ್ಮೊ ಮೇಲೂ ಸರ್ಕಾರಿ ಕಣ್ಣು ಬಿತ್ತು. 2022ರ ಸೆಪ್ಟೆಂಬರಿನಲ್ಲಿ ಜಾರಿಯಾ ಊರಿನ ಸರ್ಕಾರಿ ಚರ್ಮ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರು ಚರ್ಮ ತಿನ್ನುವುದನ್ನೇ ಕಾನೂನು ಮಾಡಿ ನಿಲ್ಲಿಸಬೇಕು ಎಂದರು. ತೊಗಲೆಲ್ಲ ಹೊಟ್ಟೆಗೆ ಹೋದರೆ ಚರ್ಮದ ಕೈಗಾರಿಕೆ ಉಳಿಯುವುದು ಹೇಗೆ, ಅದರಲ್ಲಿ ಪೌಷ್ಟಿಕಾಂಶ ತಾನೆ ಏನಿದೆ ಎಂಬುದು ಅವರ ವಾದ. ವಾದ ಸುಳ್ಳೇನಲ್ಲ. ಆದರೆ ತಟ್ಟೆಯ ಮುಂದೆ ಕೂತವನ ಪ್ರಶ್ನೆ ಬೇರೆ: 'ಚರ್ಮ ಬೇಡ ಸ್ವಾಮಿ, ಮಾಂಸ ಕೊಡಿಸ್ತೀರಾ?' ದೇಶದ ತುಂಬ ನಗೆ, ಗಲಾಟೆ, ಜಗಳ ಎಲ್ಲ ಆಯಿತು. ಪೊನ್ಮೊ ಮಾತ್ರ ಪಾತ್ರೆಯಲ್ಲೇ ಕುದಿಯುತ್ತ ಉಳಿಯಿತು.

ಬಿಡಿಬಿಡಿಯಾಗಿ ಕೇಳುವ ಈ ಪದ್ಧತಿಯಲ್ಲಿ ಒಂದು ದೊಡ್ಡತನವಿದೆ. ಒಂದು ಅಮಲಾ, ಒಂದು ಪೊನ್ಮೊ ಹಾಕಿಸಿಕೊಂಡ ಕೂಲಿಯವನೂ, ಮೂರು ಅಮಲಾ, ನಾಲ್ಕು ತುಂಡು ಮೇಕೆ ಮಾಂಸ ಹಾಕಿಸಿಕೊಂಡ ಬ್ಯಾಂಕ್ ಮ್ಯಾನೇಜರನೂ ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿಕೊಂಡು ಕೂರುತ್ತಾರೆ. ಕೈ ತೊಳೆಯುವ ನೀರು ಒಂದೇ. ಸಾರಿನ ಹಂಡೆ ಒಂದೇ. ನಿನ್ನ ಜಾತಿ ಯಾವುದು, ನೀನು ಒಳಗೆ ಕೂರು, ನೀನು ಹೊರಗೆ ಕೂರು ಎಂಬ ಮಾತು ಅಲ್ಲಿಲ್ಲ. ಎರಡು ಲೋಟದ ಹೋಟೆಲುಗಳನ್ನು ಕಂಡ ನಾಡಿನವರು ಇದನ್ನು ಎರಡು ಸಲ ಓದಬೇಕು.

ಉಣ್ಣುತ್ತಿರುವವನ ಮುಂದೆ ಪರಿಚಯದವರು ಹಾದು ಹೋದರೆ, 'ಬನ್ನಿ, ಊಟ ಮಾಡೋಣ' ಎನ್ನುವುದು ಅವರ ಮರ್ಯಾದೆ. ಕರೆಸಿಕೊಂಡವನು ಕೂರುವುದಿಲ್ಲ. 'ಉಂಡದ್ದು ಮೈಗೆ ಹತ್ತಲಿ' ಎನ್ನುವ ಅರ್ಥದ ಹಾರೈಕೆ ಹೇಳಿ ಮುಂದೆ ಹೋಗುತ್ತಾನೆ. ನಮ್ಮ ಹಳ್ಳಿ ಜಗಲಿಯಲ್ಲೂ ಹೀಗೇ ಅಲ್ವೆ? 'ಬನ್ನಿ ಗೌಡ್ರೇ ಉಣ್ಣೋಣ.' 'ಆಯ್ತು ಕಣಪ್ಪಾ, ನೀನ್ ಮಾಡು.'

ಅಮಲಾ ರಾಜಕಾರಣ

ಅನ್ನ ಇದ್ದ ಕಡೆ ರಾಜಕಾರಣಿ ಇಲ್ಲದೆ ಇರುತ್ತಾನೆಯೆ? ಇಬಾದಾನ್‌ನಲ್ಲಿ ಲಮಿಡಿ ಅಡೆಡಿಬು ಎಂಬ ಮುಖಂಡರಿದ್ದರು. 2008ರ ಜೂನಿನಲ್ಲಿ ತೀರಿಕೊಂಡರು. ಊರಿನ ಮೊಲೆಟೆ ಬಡಾವಣೆಯಲ್ಲಿ ಅವರ ಮನೆ. ದಿನಾ ಅಲ್ಲಿ ಹಂಡೆಗಟ್ಟಲೆ ಅಮಲಾ ಬೇಯುತ್ತಿತ್ತು. ಬಂದವರಿಗೆಲ್ಲ ಊಟ. ಚುನಾವಣೆ ಬಂದಾಗ ಮಾತ್ರವಲ್ಲ, ದಿನವೂ! ಆ ಮನೆಯ ಊಟ ಉಂಡವರು ಆ ಮನೆಯ ಮಾತು ಮೀರುವುದುಂಟೆ? ಪತ್ರಿಕೆಗಳು ಅದಕ್ಕೆ 'ಅಮಲಾ ರಾಜಕಾರಣ' ಎಂದು ಹೆಸರಿಟ್ಟವು. ಅಡೆಡಿಬು ಜೊತೆ ಮನಸ್ತಾಪ ಮಾಡಿಕೊಂಡ ಗವರ್ನರ್ ರಶೀದಿ ಲಡೋಜಾ ಅವರನ್ನು 2006ರ ಜನವರಿಯಲ್ಲಿ ಶಾಸಕರು ಕುರ್ಚಿಯಿಂದ ಇಳಿಸಿದರು. ಅದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು ಅದೇ ವರ್ಷ ಡಿಸೆಂಬರಿನಲ್ಲಿ ಹೇಳಿ, ಅವರನ್ನು ಮತ್ತೆ ಕೂರಿಸಿತು.

2014ರಲ್ಲಿ ಎಕಿಟಿ ರಾಜ್ಯದ ಚುನಾವಣೆ. ರಸ್ತೆ, ಶಾಲೆ ಅಂತ ಲೆಕ್ಕ ಕೊಡುತ್ತಿದ್ದ ಗವರ್ನರ್ ಸೋತರು. ಬೀದಿಬದಿಯಲ್ಲಿ ಜನರ ಜೊತೆ ಕೂತು ತಿನ್ನುವ, ಅಕ್ಕಿ ಹಂಚುವ ಅಯೊಡೆಲೆ ಫಯೋಸೆ ಗೆದ್ದರು. ಆಗ ಹುಟ್ಟಿದ ಹೊಸ ಮಾತು 'ಹೊಟ್ಟೆಯ ಮೂಲಸೌಕರ್ಯ'! ಬಾಡೂಟ, ಸೀರೆ, ಕುಕ್ಕರು ಕಂಡ ಕನ್ನಡ ಮತದಾರನಿಗೆ ಇದನ್ನು ಅನುವಾದ ಮಾಡಿ ಹೇಳುವುದೇ ಬೇಡ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಮುಖಂಡರ ಮನೆಯ ಅಮಲಾ ಪುಕ್ಕಟೆ, ಉಂಡವನು ಋಣಕ್ಕೆ ಬಿದ್ದ. ಬುಕದ ಅಮಲಾಕ್ಕೆ ದುಡ್ಡು ಕೊಡಬೇಕು, ಕೊಟ್ಟವನು ತಲೆಯೆತ್ತಿ ಎದ್ದು ಹೋಗುತ್ತಾನೆ. ಬಡವನಿಗೆ ಬುಕ ಬೇಕಾಗಿರುವುದು ಇದಕ್ಕೇ. ಬುಕದ ಊಟ ಕೈಗೆಟುಕದೆ ಹೋದ ದಿನ ಮುಖಂಡರ ಅಂಗಳದ ಸಾಲು ಉದ್ದವಾಗುತ್ತದೆ.

ಕೊಸರು ಎಲ್ಲಿ ಹೋಯಿತು?

ಈಗ ಬಂದಿರುವ ಸಂಕಟ ಅದೇ. 2023ರ ಮೇ 29ರಂದು ಬೋಲಾ ತಿನುಬು ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಇವರೂ ಯೊರೂಬಾದವರೇ. ಅದೇ ಭಾಷಣದಲ್ಲಿ ಪೆಟ್ರೋಲಿನ ಸಬ್ಸಿಡಿ ಮುಗಿಯಿತು ಎಂದರು. ಲೀಟರಿಗೆ 200 ನೈರಾ ಒಳಗಿದ್ದ ಪೆಟ್ರೋಲು ಎರಡೇ ದಿನದಲ್ಲಿ 500ರ ಆಸುಪಾಸಿಗೆ ಹಾರಿತು. ಮುಂದಿನ ತಿಂಗಳು ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 500 ನೈರಾ ಒಳಗಿದ್ದದ್ದು 2024ರಲ್ಲಿ 1500 ದಾಟಿತು. ಸಬ್ಸಿಡಿಯ ದುಡ್ಡೆಲ್ಲ ಸೋರಿ ಹೋಗುತ್ತಿತ್ತು, ಖಜಾನೆ ಬರಿದಾಗಿತ್ತು, ಬೇರೆ ದಾರಿ ಇರಲಿಲ್ಲ ಎಂಬುದು ಸರ್ಕಾರದ ಸಮರ್ಥನೆ. ಇರಬಹುದು. ಆದರೆ ಗೆಣಸಿನ ಮೂಟೆ ಹಳ್ಳಿಯಿಂದ ಇಬಾದಾನ್‌ಗೆ ಬರುವುದು ಲಾರಿಯಲ್ಲಿ, ಸಮರ್ಥನೆಯಲ್ಲಿ ಅಲ್ಲ! ಹಿಟ್ಟು ಬೀಸುವ ಗಿರಣಿಗೂ ಎಣ್ಣೆ ಬೇಕು. ಅಲಸಂದೆ ಬರುವುದು ದೂರದ ಉತ್ತರದ ಒಣ ಸೀಮೆಯಿಂದ. ದನಗಳೂ ಅಲ್ಲಿಂದಲೇ.

2024ರ ಜೂನಿನಲ್ಲಿ ಆ ದೇಶದ ಆಹಾರದ ಹಣದುಬ್ಬರ ಶೇಕಡ 40.87 ಎಂದು ಅಲ್ಲಿನ ಅಂಕಿಅಂಶ ಇಲಾಖೆಯೇ ಹೇಳಿತು. ಹಿಂದಿನ ವರ್ಷ 100 ನೈರಾ ಇದ್ದ ಸಾಮಾನು 140 ಆಯಿತು ಅಂತ. ಮರು ತಿಂಗಳು ಕನಿಷ್ಠ ಸಂಬಳವನ್ನು 30 ಸಾವಿರದಿಂದ 70 ಸಾವಿರ ನೈರಾಕ್ಕೆ ಏರಿಸಿದರು. ಕೇಳಲು ದೊಡ್ಡ ಮೊತ್ತ. ಆಗಿನ ಬ್ಯಾಂಕಿನ ಲೆಕ್ಕದಲ್ಲಿ ಅದು ತಿಂಗಳಿಗೆ 50 ಡಾಲರ್ ಕೂಡ ಇರಲಿಲ್ಲ. ಅದೂ ಸಂಬಳದ ಚೀಟಿ ಇದ್ದವರಿಗೆ. ದಿನಗೂಲಿಯವನಿಗೆ ಯಾವ ಚೀಟಿ? 2025ರಲ್ಲಿ ಬೆಲೆ ಏರುವ ಓಟ ನಿಧಾನವಾಯಿತು. ಆದರೆ ಓಟ ನಿಧಾನವಾದರೆ ಏರಿದ್ದೆಲ್ಲ ಇಳಿದಂತಲ್ಲ.

ಇಂಥ ಹೊತ್ತಿನಲ್ಲಿ ಇಯಾ ಏನು ಮಾಡಬೇಕು? ದಾರಿ ಮೂರೇ. ಬೆಲೆ ಏರಿಸಬೇಕು. ಇಲ್ಲ, ಮುದ್ದೆ ಕಿರಿದು ಮಾಡಬೇಕು. ಇಲ್ಲ, ಮಾಂಸದ ತುಂಡು ಸಣ್ಣಗೆ ಕತ್ತರಿಸಬೇಕು. ಗಿರಾಕಿಗೂ ದಾರಿ ಮೂರೇ. ಮೇಕೆಯಿಂದ ದನಕ್ಕೆ ಇಳಿಯಬೇಕು. ದನದಿಂದ ಪೊನ್ಮೊಗೆ ಇಳಿಯಬೇಕು. ಅದೂ ಆಗದಿದ್ದರೆ ಬರೀ ಸಾರಿನಲ್ಲಿ ನುಂಗಿ ಏಳಬೇಕು. ಎರಡೂ ಕಡೆಯವರು ಮೆಟ್ಟಿಲು ಇಳಿಯುತ್ತಲೇ ಇದ್ದಾರೆ. ಯಾರದೂ ತಪ್ಪಲ್ಲ.

ಇದರಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಕೊಸರು.

ಕೊಸರು ಗೊತ್ತಲ್ಲ? ಅಳೆದು ಕೊಟ್ಟ ಮೇಲೆ ಹಾಕುವ ಒಂದು ಹಿಡಿ. ಸೇರು ಕಡಲೆಕಾಯಿ ಕೊಂಡರೆ ಕೊನೆಗೆ ಬೊಗಸೆ. ಮೊಳ ಹೂವಿಗೆ ನಾಲ್ಕು ಬೆರಳು ಜಾಸ್ತಿ. ಯೊರೂಬಾದಲ್ಲಿ ಇದಕ್ಕೆ 'ಎನಿ' ಅನ್ನುತ್ತಾರೆ. ನೈಜೀರಿಯಾದ ಸಂತೆಗಳಲ್ಲಿ 'ಜಾರಾ' ಅಂತಲೂ ಹೇಳುತ್ತಾರೆ. ಮೆಣಸಿನಕಾಯಿ ಗುಡ್ಡೆ ಕೊಂಡವಳಿಗೆ ಎರಡು ಕಾಯಿ ಎನಿ. ಹಿಟ್ಟು ಅಳೆದವಳಿಗೆ ಒಂದು ಹಿಡಿ ಎನಿ. ಬುಕದಲ್ಲಿ ಇನ್ನೊಂದು ಸೌಟು ಸಾರು ಎನಿ. 'ಅಮ್ಮಾ ಹಾಕು' ಎಂಬ ಹೆಸರಿನ ಗುಟ್ಟೇ ಈ ಎನಿಯಲ್ಲಿದೆ. ದುಡ್ಡಿನ ಲೆಕ್ಕ ಮುಗಿದ ಮೇಲೆ ಬೀಳುವ ಆ ಒಂದು ಸೌಟಿನಿಂದಲೇ ಆಕೆ ಅಂಗಡಿಯವಳಾಗಿ ಉಳಿಯದೆ ಅಮ್ಮನಾದದ್ದು.

ಹಿಟ್ಟಿನ ಮೂಟೆಯ ಬೆಲೆ ವಾರಕ್ಕೊಂದು ಸಲ ಬದಲಾದರೆ ಆ ಸೌಟು ಹಂಡೆಯ ಅಂಚಿನಲ್ಲೇ ನಿಂತುಬಿಡುತ್ತದೆ. ಆಕೆ ಮುಖ ಬೇರೆ ಕಡೆ ತಿರುಗಿಸುತ್ತಾಳೆ. ಕೇಳುವವನೂ ಸಂಕೋಚದಿಂದ ಕೇಳುವುದು ಬಿಡುತ್ತಾನೆ. ಈ ನಷ್ಟವನ್ನು ಯಾವ ಅಂಕಿಅಂಶ ಇಲಾಖೆ ಲೆಕ್ಕ ಹಾಕುತ್ತದೆ? ಶೇಕಡ ಎಷ್ಟು ಅಂತ ಹೇಳುತ್ತದೆ?

ಎಲೆಯಿಂದ ಪ್ಲಾಸ್ಟಿಕ್‌ಗೆ

ಅಮಲಾ ಸುತ್ತುವುದರಲ್ಲೂ ಕಾಲ ಬದಲಾಗಿದೆ. ಹಿಂದೆ ಅಗಲವಾದ ಕಾಡಿನ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು. ನಮ್ಮ ಮುತ್ತುಗದ ಎಲೆ, ಬಾಳೆ ಎಲೆಯ ಹಾಗೆ ಅದರದೇ ಒಂದು ಘಮ. ಈಗ ಬಹಳ ಕಡೆ ತೆಳು ಪ್ಲಾಸ್ಟಿಕ್. ಸುಡು ಸುಡುವ ಮುದ್ದೆಗೆ ಪ್ಲಾಸ್ಟಿಕ್ ಸುತ್ತುವುದು ಒಳ್ಳೆಯದಲ್ಲ ಎಂದು ತಿಳಿದವರು ಹೇಳುತ್ತಲೇ ಇದ್ದಾರೆ. ಲಾಗೋಸ್ ರಾಜ್ಯ 2024ರ ಜನವರಿಯಲ್ಲಿ ಥರ್ಮೊಕೋಲಿನ ಊಟದ ಡಬ್ಬಿಗಳನ್ನು ನಿಷೇಧಿಸಿತು. ಚರಂಡಿ ಕಟ್ಟಿ ಊರು ಮುಳುಗುವುದು ತಪ್ಪಲಿ ಅಂತ. ಎಲೆಯಲ್ಲಿ ಕಟ್ಟಿದ ಅಲಸಂದೆ ಕಡುಬು, ಎಲೆಯಲ್ಲಿ ಸುತ್ತಿದ ಒಫಾಡಾ ಅನ್ನ ಮಾತ್ರ ಇನ್ನೂ ಉಳಿದಿವೆ. ಅದನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಕೊನೇ ತುತ್ತು

ಬುಕ ಸಾಯುತ್ತದೆಯೆ? ಹಾಗೆ ಹೇಳುವುದಕ್ಕೆ ಆತುರ ಬೇಡ. ಹವಾನಿಯಂತ್ರಿತ ಹೋಟೆಲುಗಳು ಬಂದಾಗಲೂ ಬುಕ ಸತ್ತಿಲ್ಲ. ಕೋಳಿ ಕರಿದು ಕೊಡುವ ಅಂಗಡಿಗಳು ಬಂದಾಗಲೂ ಸತ್ತಿಲ್ಲ. ಲಂಡನ್ನಿನಲ್ಲಿ, ಅಮೆರಿಕದಲ್ಲಿ ನೆಲೆಸಿದ ಯೊರೂಬಾ ಜನ ರಜೆಗೆ ಊರಿಗೆ ಬಂದರೆ, ಮೈಸೂರಿಗೆ ಬಂದವನು ಮುದ್ದೆ ಹೋಟೆಲಿಗೆ ಓಡುವ ಹಾಗೆ, ಬುಕಕ್ಕೆ ಓಡುತ್ತಾರೆ. ಅವರ ಜೇಬಿನಲ್ಲಿ ಡಾಲರಿದೆ, ಅವರಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಬೆಂಚಿನ ಆ ಕಡೆಯ ತುದಿಯಲ್ಲಿ ಕೂರುತ್ತಿದ್ದವನಿಗೆ. ಒಂದು ಅಮಲಾ, ಒಂದು ಪೊನ್ಮೊದವನಿಗೆ. ಅವನು ಬರುವುದು ನಿಂತರೆ ಬುಕ ಇರುತ್ತದೆ, ಫ್ಯಾನು ತಿರುಗುತ್ತದೆ, ಕಾರುಗಳೂ ನಿಲ್ಲುತ್ತವೆ. ಬೆಂಚು ಮಾತ್ರ ಹಳೇ ಬೆಂಚಾಗಿ ಉಳಿಯುವುದಿಲ್ಲ.

ನಮ್ಮ ಊರಿನ ಮುದ್ದೆ ಹೋಟೆಲುಗಳಿಗೂ ಇದೇ ಕಥೆ ಬರೆದಿದೆಯೋ ಏನೋ. 'ಸಾರು ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ' ಅನ್ನುತ್ತಿದ್ದ ಕಡೆ 'ಎಕ್ಸ್‌ಟ್ರಾ ಸಾರಿಗೆ ಎಕ್ಸ್‌ಟ್ರಾ ಚಾರ್ಜು' ಎಂಬ ಬೋರ್ಡು ಬೀಳಲು ಎಷ್ಟು ಹೊತ್ತು?

ಅಷ್ಟರಲ್ಲಿ ಇಬಾದಾನ್‌ನ ತುಕ್ಕು ಹಿಡಿದ ಕೆಂಪು ತಗಡಿನ ಮಾಡುಗಳ ಮೇಲೆ ಮಧ್ಯಾಹ್ನದ ಬಿಸಿಲು ಏರಿರುತ್ತದೆ. ಹಂಡೆಯ ಮುಚ್ಚಳ ತೆಗೆದರೆ ಆವಿ. ಸಾಲು ಬೆಳೆಯುತ್ತದೆ. ಮುಂದೆ ನಿಂತವನು ಜೇಬಿನೊಳಗೆ ನೋಟುಗಳನ್ನು ಬೆರಳಿನಲ್ಲೇ ಎಣಿಸಿಕೊಂಡು, ಒಂದು ಅಮಲಾ ಎನ್ನುತ್ತಾನೆ, ಒಂದು ಪೊನ್ಮೊ ಎನ್ನುತ್ತಾನೆ. ದುಡ್ಡಿಗೆ ಸರಿಯಾಗಿ ತಟ್ಟೆಗೆ ಬೀಳುತ್ತದೆ. ಅವನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಒಂದು ಗಳಿಗೆ ಹಾಗೇ ಹಿಡಿದು ನಿಲ್ಲುತ್ತಾನೆ.

"ಅಮ್ಮಾ…"

ಇಯಾ ಅವನ ಮುಖ ನೋಡುತ್ತಾಳೆ. ಹಿಂದಿನ ಸಾಲು ನೋಡುತ್ತಾಳೆ. ಹಂಡೆಯೊಳಗೆ ನೋಡುತ್ತಾಳೆ.

ಸೌಟು ಅವಳ ಕೈಯಲ್ಲೇ ಇದೆ.